ಸೈಕಲ್ಲಿಲ್ಲದವರ ಸೈಕಲ್ ಭತ್ಯೆ

೧೯೮೮ರಲ್ಲಿ, ಏಳನೆಯ ಇಯತ್ತೆ ಮುಗಿಯುವ ಮೊದಲೇ ಶಾಲೆ ಬಿಟ್ಟು ಕಲಬುರಗಿಯಿಂದ ಡೊಂಬಿವಲಿಗೆ ಬಂದೆ. ಮೂಟೆ ಹೊತ್ತೆ, ಗಾರೆ ಕಲಸಿದೆ, ಕೊನೆಗೆ ಠಾಣೆ ಶಹರದ ಸರ್ಕಾರಿ ಕಚೇರಿಯೊಂದರಲ್ಲಿ ಶಿಪಾಯಿಯಾದೆ. ಯಾರ ಕಾಲೂ ಹಿಡಿಯದೆ ಪಡೆದ ಕೆಲಸ. ಬಿಳಿ ಸಮವಸ್ತ್ರದ ಇಸ್ತ್ರಿ ಮುರಿಯಬಾರದೆಂದು ಲೋಕಲ್ ರೈಲಿನಲ್ಲಿ ಸೀಟು ಸಿಕ್ಕರೂ ನಿಂತೇ ಹೋಗುತ್ತಿದ್ದೆ.

ಆ ಇಸ್ತ್ರಿ ಕಚೇರಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಬಟ್ಟೆ ಒಗೆಯುತ್ತಿದ್ದ ಅಕ್ಕನದು. ರಾಯಚೂರು ಕಡೆಯವಳು, ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಬ್ರಿಟಿಷರ ಕಾಲದಿಂದ ಶಿಪಾಯಿಗಳಿಗೆ ಎರಡು ಸಣ್ಣ ಭತ್ಯೆ ಬರುತ್ತಿದ್ದವು: ಬಟ್ಟೆ ಒಗೆಸಲು ಒಂದು, ಸೈಕಲ್ಲಿಗೊಂದು. ಸೈಕಲ್ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಆ ದುಡ್ಡು ಮನೆಗೆ ಹೋಗುತ್ತಿತ್ತು. ಒಗೆಸುವ ದುಡ್ಡನ್ನು ಮಾತ್ರ ಪಗಾರದ ದಿನವೇ ಅಕ್ಕನ ಕೈಗೆ ಹಾಕುವುದು ನಮಗಿಂತ ಹಿಂದಿನವರಿಂದ ಬಂದ ರೂಢಿ. ಅದನ್ನು ಯಾರೂ ಮನೆಗೊಯ್ದವರಲ್ಲ.

ಕಳೆದ ವರ್ಷ ಪಗಾರ ಪರಿಷ್ಕರಣೆಯ ಮಾತು ಬಂತು. ಕಚೇರಿಯ ಸಾಹೇಬರು ನಮ್ಮನ್ನೆಲ್ಲ ಕರೆದರು. ಖಜಾನೆಯ ಸ್ಥಿತಿ ಸರಿಯಿಲ್ಲ, ಮುಂದೇನೋ ಯಾರಿಗೂ ತಿಳಿಯದು. ಮೂಲ ಪಗಾರ ಏರಬೇಕಾದರೆ ಹಳೆಯ ಭತ್ಯೆಗಳಲ್ಲಿ ಒಂದು ಹೋಗಬೇಕು, ಯಾವುದೆಂದು ನಮ್ಮ ಕಚೇರಿಯಿಂದ ಮೇಲಕ್ಕೆ ಬರೆದು ಕಳಿಸಬೇಕು ಎಂದರು. ಶಿಪಾಯಿಗಳಲ್ಲಿ ನಾನೇ ಹಿರಿಯ.

"ಬೋಲೋ ಮಾಮಾ, ಕೌನ್ಸಾ ಕಾಟೂ?" ಯಾವುದನ್ನು ಕತ್ತರಿಸಲೆಂದು ನನ್ನನ್ನೇ ಕೇಳಿದರು.

ನಮ್ಮ ಬಟ್ಟೆ ಒಗೆಯಲು ನಮಗೆ ಕೈಗಳಿವೆ, ಒಗೆಸುವುದನ್ನೇ ತೆಗೆಯಿರಿ ಎಂದೆ. ಉಳಿದವರು ಚಪ್ಪಾಳೆ ತಟ್ಟಿದರು. ಸಾಹೇಬರು ನನ್ನ ಸ್ವಾಭಿಮಾನವನ್ನು ಹೊಗಳಿದರು. ಆ ಹೊಗಳಿಕೆ ಡೊಂಬಿವಲಿ ಮುಟ್ಟುವವರೆಗೂ ಸಿಹಿಯಾಗಿತ್ತು. ನಮ್ಮದನ್ನು ಉಳಿಸಿಕೊಂಡು ಅಕ್ಕನದನ್ನು ಬಿಟ್ಟುಕೊಟ್ಟಿದ್ದೆ. ಅದು ತಿಳಿಯದೆ ಆಡಿದ ಮಾತೇನಲ್ಲ.

ಆದೇಶ ಬಂದ ಮೇಲೆ ಶೆಡ್ಡಿಗೆ ಬೇರೆ ಯಾರ ಬಟ್ಟೆಯೂ ಹೋಗಲಿಲ್ಲ. ನಾನೊಬ್ಬನೇ ಗಂಟು ಒಯ್ದೆ.

"ಏನ್ ತಮ್ಮಾ, ಸರ್ಕಾರಕ್ಕ ನನ್ನ ಸಬಕಾರದ ನೊರಿನೂ ಭಾರ ಆತೇನು?" ಎಂದು ನಕ್ಕಳು. "ನಿಂದೊಂದ ಜೋಡಿಗೆ ಇಸ್ತ್ರಿ ಇದ್ದಲಿ ಹೊತ್ತಿಸಿದ್ರ ಪೂರೈಸಂಗಿಲ್ಲೋ. ಇದನ್ನ ತೆಗೀರಿ ಅಂದಾಂವ ಯಾಂವ, ನಿನಗ ಗೊತ್ತೈತೇನು?"

"ಮ್ಯಾಲಿಂದ ಬಂದದ ಅಕ್ಕಾ."

"ಮ್ಯಾಲಿನವ್ರು ನಮ್ಮನ್ನ ಎಲ್ಲಿ ನೋಡ್ಯಾರ, ಬಿಡು. ನೀನರ ಬಂದೆಲ್ಲ," ಎಂದು ಗಂಟನ್ನು ನನ್ನ ಕೈಗೇ ಮರಳಿಸಿದಳು.

ಈಗ ಅವಳು ನೆರೂಳದ ಫ್ಲ್ಯಾಟುಗಳಲ್ಲಿ ಪಾತ್ರೆ ತಿಕ್ಕುತ್ತಾಳಂತೆ. ಶೆಡ್ಡು ಕೆಡವಿದ ಜಾಗದಲ್ಲಿ ಸಾಹೇಬರ ಗಾಡಿ ನಿಲ್ಲುತ್ತದೆ. ಅದನ್ನು ಒರೆಸುವವನು ನಾನೇ.

ನನ್ನಲ್ಲಿ ಇರುವುದು ಇಷ್ಟು: ಏರಿದ ಪಗಾರ, ಸೈಕಲ್ ಭತ್ಯೆ, ಮನೆಯಲ್ಲೇ ಒಗೆದ ಎರಡು ಜೋಡಿ ಬಟ್ಟೆ, ಅಕ್ಕನಿಗೆ ಹೇಳಿದ ಒಂದು ಸುಳ್ಳು.