ಏರಿಯೊಳಗಿನ ಮೂರು ಮರಿಗಳು

ನಾನು ಚಿಕ್ಕವಳಿದ್ದಾಗ ನನ್ನ ತೋಳು ಎಷ್ಟು ಸಣ್ಣಗಿತ್ತೆಂದರೆ, ಅವ್ವನ ಬಳೆ ತೊಟ್ಟರೆ ಅದು ಸರ್ರನೆ ಜಾರಿ ಭುಜಕ್ಕೆ ಹೋಗಿ ನಿಲ್ಲುತ್ತಿತ್ತು. ಊರಿನವರೆಲ್ಲ ನನ್ನನ್ನು ‘ಕಡ್ಡಿ’ ಎಂದೇ ಕರೆಯುತ್ತಿದ್ದರು. “ಈ ಕಡ್ಡಿಗೆ ಇನ್ನೊಂದು ಮುದ್ದೆ ಇಕ್ಕವ್ವ” ಎಂದು ಬೀದಿಯಲ್ಲಿ ಹೋಗುವವರೂ ಅವ್ವನಿಗೆ ಹೇಳಿ ಹೋಗುತ್ತಿದ್ದರು. ನನಗೆ ಕೆಟ್ಟ ಸಿಟ್ಟು ಬರುತ್ತಿತ್ತು. ಆದರೆ ನನಗೆ ಎಂಟು ವರ್ಷವಿದ್ದಾಗ ಒಂದು ದಿನ, ಆ ಕಡ್ಡಿ ತೋಳು ಇಡೀ ಊರಿಗೇ ಬೇಕಾಯಿತು.

ಮದ್ದೂರಿನಿಂದ ಮಳವಳ್ಳಿ ಕಡೆಗೆ ಹೋಗುವ ರಸ್ತೆ ಬಿಟ್ಟು ಎರಡು ಮೈಲಿ ಒಳಗೆ ನಡೆದರೆ ನಮ್ಮೂರು. ಮಂಡ್ಯದ ಸುತ್ತಮುತ್ತ ಆಗಲೇ ನಾಲೆ ನೀರು ಬಂದು ಕಬ್ಬು ಆಳೆತ್ತರ ನಿಂತಿತ್ತಂತೆ. ನಮಗೆ ಮಾತ್ರ ಇನ್ನೂ ಕೆರೆಯೇ ದಿಕ್ಕು. ಅಪ್ಪ ಆ ಕೆರೆಯ ನೀರುಗಂಟಿ. ತೂಬನ್ನು ಯಾವಾಗ ತೆರೆಯಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು, ಏರಿಯಲ್ಲಿ ಎಲ್ಲಿ ಇಲಿ ಬಿಲ ತೋಡಿದೆ, ಎಲ್ಲವನ್ನೂ ನೋಡಿಕೊಳ್ಳುವುದು ಅವನ ಕೆಲಸ. ಬೆಳಿಗ್ಗೆ ಏರಿಯ ಮೇಲೆ ಸುತ್ತು ಹೊಡೆಯಲು ಹೊರಟರೆ ನನ್ನನ್ನೂ ಅಕ್ಕನನ್ನೂ ಎಬ್ಬಿಸಿಕೊಂಡು ಹೋಗುತ್ತಿದ್ದ. ಅಕ್ಕನಿಗೆ ಆಗ ಹದಿಮೂರೋ ಹದಿನಾಲ್ಕೋ. ನನಗೆ ಕಣ್ಣು ಬಿಡಲಾಗದಷ್ಟು ನಿದ್ದೆ. ಆದರೂ ಒಂದು ಆಸೆಗೆ ಎದ್ದು ಓಡುತ್ತಿದ್ದೆ: ನೀರುನಾಯಿಗಳನ್ನು ನೋಡುವ ಆಸೆಗೆ.

ಹೆಸರಿಗಷ್ಟೇ ನಾಯಿ. ಮುಂಗುಸಿಯನ್ನು ಹಿಡಿದು ಉದ್ದಕ್ಕೆ ಎಳೆದು, ಮೈಗೆಲ್ಲ ಎಣ್ಣೆ ಸವರಿ, ನೀರಿಗೆ ಬಿಟ್ಟರೆ ಹೇಗಿರುತ್ತದೋ ಹಾಗಿರುತ್ತಿದ್ದವು. ಮುಳುಗಿದರೆ ನೀರಿನ ಮೇಲೆ ಗುಳ್ಳೆಗಳ ಸಾಲು, ಎದ್ದರೆ ಬಾಯಲ್ಲಿ ಮೀನು. ಅಂಗಾತ ತೇಲುತ್ತಾ, ಮುಂಗಾಲುಗಳಲ್ಲಿ ಮೀನು ಹಿಡಿದು, ನಾವು ಜೋಳದ ತೆನೆ ತಿನ್ನುವ ಹಾಗೆ ಕಚಕಚನೆ ತಿನ್ನುತ್ತಿದ್ದವು. ಶಿಂಷಾ ಹೊಳೆಯಿಂದ ಹಳ್ಳ ಹಿಡಿದು ಬರುತ್ತವೆ ಎಂದು ಅಪ್ಪ ಹೇಳುತ್ತಿದ್ದ. ಬಲೆ ಹಾಕುವವರು ಮೀನು ಕದಿಯುತ್ತವೆಂದು ಅವನ್ನು ಬೈಯುತ್ತಿದ್ದರು. ಅಪ್ಪ ಮಾತ್ರ, “ಕೆರೆ ಅವುಕ್ಕೂ ಸೇರಿದ್ದು ಕಣವ್ವ” ಎನ್ನುತ್ತಿದ್ದ.

ಆ ವರ್ಷ ಹಸ್ತದ ಮಳೆ ಮೂರು ದಿನ ಬಿಡದೆ ಹೊಡೆಯಿತು. ನಾಲ್ಕನೆಯ ದಿನ ಬೆಳಿಗ್ಗೆ ಮಳೆ ನಿಂತು, ಊರಿಗೆ ಊರೇ ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು. ನಾನು ಒಲೆಯ ಮುಂದೆ ಕುಳಿತು ಬಿಸಿ ರೊಟ್ಟಿ ತಿನ್ನುತ್ತಿದ್ದೆ. ಮೊಣಕಾಲಿನವರೆಗೂ ಕೆಸರಾಗಿದ್ದ ಅಪ್ಪ ಓಡಿ ಬಂದವನೇ ಹಾರೆ, ಗುದ್ದಲಿ, ಮಂಕರಿ ಎಳೆದುಕೊಂಡ.

“ಏರಿ ಒಳಗಿಂದ ನೀರು ಬರ್ತಾ ಅದೆ. ಕೆಂಪುನೀರು” ಎಂದ.

ಅವ್ವ ಕೈಯಲ್ಲಿದ್ದ ಹಿಟ್ಟು ಕೊಡವಿ ಎದ್ದು ನಿಂತಳು. ಏರಿಯ ಬುಡದಲ್ಲಿ ತಿಳಿನೀರು ಜಿನುಗಿದರೆ ಭಯವಿಲ್ಲ, ಕೆರೆ ಬೆವರುತ್ತಿದೆ ಎಂದುಕೊಳ್ಳಬಹುದು. ಕೆಂಪುನೀರು ಬಂದರೆ ಏರಿಯ ಮಣ್ಣು ಒಳಗೊಳಗೇ ಕರಗುತ್ತಿದೆ ಎಂದರ್ಥ. ಇದು ನಮ್ಮೂರಿನ ಮಕ್ಕಳಿಗೂ ಗೊತ್ತಿತ್ತು. ಏರಿಯ ಕೆಳಗೆ ಹಾಲುದುಂಬುತ್ತಿದ್ದ ಭತ್ತದ ಬಯಲು. ಬಯಲಿನ ಅಂಚಿನಲ್ಲಿ ನಮ್ಮ ಮನೆಗಳು. ನಾನು ರೊಟ್ಟಿಯನ್ನು ಅಲ್ಲೇ ಬಿಟ್ಟು ಅಕ್ಕನ ಹಿಂದೆ ಓಡಿದೆ.

ಏರಿ ಹತ್ತಿ ಕೆರೆ ನೋಡಿದೆ. ನಿನ್ನೆ ಎಲ್ಲೋ ಕೆಳಗಿದ್ದ ನೀರು ಏರಿಯ ಹೊಟ್ಟೆಯವರೆಗೂ ಬಂದು, ದಡಕ್ಕೆ ಚಪ್ ಚಪ್ ಎಂದು ಬಡಿಯುತ್ತಿತ್ತು. ಅಪ್ಪ ಏರಿಯುದ್ದಕ್ಕೂ ಬಗ್ಗಿ ಬಗ್ಗಿ ಹುಡುಕಿ, ಒಂದು ಹೊಂಗೆಮರದ ಬುಡದಲ್ಲಿ ನಿಂತ. ಬೇರಿನ ಕೆಳಗೆ, ನೀರಿನಿಂದ ಎರಡು ಗೇಣು ಮೇಲೆ, ಒಂದು ಬಿಲ; ಅದರ ಇನ್ನೊಂದು ಬಾಯಿ ನೀರಿನೊಳಗೆ ಮುಳುಗಿ, ಅಲ್ಲಿಂದಲೇ ನೀರು ಏರಿಯೊಳಕ್ಕೆ ಇಳಿಯುತ್ತಿತ್ತು. ಅದರೊಳಗಿನಿಂದ ಹಸಿ ಮೀನಿನ ವಾಸನೆ ಗಮ್ಮೆಂದು ಬರುತ್ತಿತ್ತು. ಅಪ್ಪ ಬಿಲಕ್ಕೆ ಕಿವಿ ಕೊಟ್ಟ. ನಾನೂ ಕೊಟ್ಟೆ. ಒಳಗೆ ಚಿಂವ್ ಚಿಂವ್ ಎಂದು ಹಕ್ಕಿಮರಿ ಕೂಗಿದಂತೆ ಸದ್ದು.

“ಮರಿ!” ಎಂದು ನಾನು ಕಿರುಚಿದೆ.

ಅಷ್ಟರಲ್ಲಿ ಊರವರೆಲ್ಲ ಬಂದಿದ್ದರು. ಗೋಣಿಚೀಲ, ಹುಲ್ಲು, ಜೇಡಿಮಣ್ಣು ತುಂಬಿದ ಮಂಕರಿಗಳು ಏರಿಯ ಮೇಲೆ ಸಾಲಾಗಿ ಬಂದು ಬಿದ್ದವು. ಪಟೇಲರು ಬಿದಿರಿನ ಊರುಗೋಲು ಹಿಡಿದು ಮುಂದೆ ಬಂದರು. ಅವರ ದನಿಗೆ ಎತ್ತುಗಳೂ ನಿಲ್ಲುತ್ತಿದ್ದವು.

“ನೋಡ್ತಾ ನಿಂತ್ಕಂಡ್ರೆ ಆಯ್ತದೇನ್ಲಾ? ಮುಚ್ಚಿ ಬಿಲಾವ!”

ಅಪ್ಪ ಬಿಲಕ್ಕೆ ಅಡ್ಡ ಕುಳಿತ. “ಪಟೇಲ್ರೆ, ಒಳಗೆ ನೀರ್ನಾಯಿ ಮರಿ ಅವೆ. ಮರಿ ಒಳಗಿಟ್ಟು ಮುಚ್ಚುದ್ರೆ ತಾಯಿ ಸುಮ್ಕಿರ್ತದಾ? ನಾವು ಮನೆಗೆ ಹೋದ್ಮೇಲೆ ಬಂದು ಕೆದಕ್ತದೆ. ಆಗ ಏರಿ ಕಾಯೋರ್ಯಾರು? ಮರಿ ತೆಗುದ್ಬುಟ್ಟು ಮುಚ್ಚಾನ.”

 ಪಟೇಲರು ತಮ್ಮ ಊರುಗೋಲನ್ನು ನೀರಿನಂಚಿಗೆ ನೆಟ್ಟು, ನೀರಿಗೆ ಅರ್ಧ ಗೇಣು ಮೇಲಿದ್ದ ಗೆಣ್ಣಿನ ಮೇಲೆ ಬೆರಳಿಟ್ಟರು. “ಈ ಗೆಣ್ಣು ಮುಳುಗೋಗಂಟ ನಿಂಗೆ ಟೇಮು. ಆಮ್ಯಾಕೆ ನಾನು ಕೇಳಾಕಿಲ್ಲ.”

ಅಪ್ಪ ಅಂಗಿ ಕಳಚಿ ಬಿಲಕ್ಕೆ ಕೈ ಹಾಕಿದ. ಅವನ ಅಗಲ ಭುಜ ಬಿಲದ ಬಾಯಲ್ಲೇ ಸಿಕ್ಕಿಕೊಂಡಿತು. ಒಳಗೆ ಹೊಂಗೆಬೇರು ಅಡ್ಡ ಬಂದು ಮೊಣಕೈ ತಿರುಗಲಿಲ್ಲ. ಅಗೆದು ಬಿಲ ದೊಡ್ಡದು ಮಾಡೋಣವೆಂದರೆ ನೆನೆದ ಏರಿ ಕುಸಿಯುತ್ತದೆ. ಅಕ್ಕ ಮಲಗಿ ಪ್ರಯತ್ನಿಸಿದಳು, ಅವಳಿಗೂ ಬೇರು ದಾಟಲಾಗಲಿಲ್ಲ. ಅತ್ತ ಕೆರೆಯ ನಡುವೆ ಕಪ್ಪು ತಲೆಯೊಂದು ಮೇಲೆದ್ದು, ಸಿಳ್ಳೆ ಹೊಡೆದ ಹಾಗೆ ಕೂಗಿತು. ತಾಯಿ! ಒಳಗಿದ್ದ ಮರಿಗಳು ಇನ್ನೂ ಜೋರಾಗಿ ಕಿರುಚಿದವು.

ಆಗ ನನಗೆ ಏನಾಯಿತೋ ಗೊತ್ತಿಲ್ಲ. ಯಾರನ್ನೂ ಕೇಳದೆ ಕೆಸರಿನಲ್ಲಿ ಬೋರಲು ಬಿದ್ದು ಬಿಲದೊಳಗೆ ತೋಳು ತೂರಿಸಿದೆ. “ಲೇ ಕಡ್ಡಿ!” ಎಂದು ಅಕ್ಕ ಕೂಗಿದವಳು, ನನ್ನ ಕೈ ಬೇರು ದಾಟಿದ್ದನ್ನು ನೋಡಿ ಗಪ್ಪನೆ ನನ್ನ ಎರಡೂ ಕಾಲು ಹಿಡಿದುಕೊಂಡಳು. ಅಪ್ಪ ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ನನ್ನ ಸೊಂಟಕ್ಕೆ ಬಿಗಿದು ತುದಿಯನ್ನು ತನ್ನ ಮುಷ್ಟಿಗೆ ಸುತ್ತಿಕೊಂಡ. “ಎದ್ರುಕಬ್ಯಾಡ ಮಗ. ನಾನು ಹಿಡ್ದಿವ್ನಿ” ಎಂದ. 

ಒಳಗೆ ಬೆಚ್ಚಗಿತ್ತು. ಒಣಹುಲ್ಲು, ಮೀನಿನ ಮುಳ್ಳು, ಆಮೇಲೆ ಏನೋ ಮೆತ್ತಗೆ. ಅಷ್ಟು ಮೃದುವಾದ ತುಪ್ಪಳವನ್ನು ನಾನು ಇವತ್ತಿನವರೆಗೂ ಮುಟ್ಟಿಲ್ಲ. ಹಿಡಿದು ಎಳೆದೆ. ಬೂದುಬಣ್ಣದ, ಮೊಲದಷ್ಟು ದೊಡ್ಡ ಮರಿ ಹೊರಗೆ ಬಂತು. ಚಪ್ಪಟೆ ಮೂಗು, ಮೀಸೆ, ಬೆರಳುಗಳ ನಡುವೆ ಬಾತುಕೋಳಿಗಿದ್ದಂತೆ ಚರ್ಮ. ಜನರೆಲ್ಲ ಹೋ ಎಂದರು. ಎರಡನೆಯದು ಇನ್ನೂ ಸುಲಭವಾಗಿ ಸಿಕ್ಕಿತು. ಅಪ್ಪ ಎರಡನ್ನೂ ಹುಲ್ಲು ಹಾಸಿದ ಮಂಕರಿಗೆ ಹಾಕಿದ.

“ಆಯ್ತಾ?” ಎಂದರು ಪಟೇಲರು. ಗೆಣ್ಣಿನ ಕೆಳಗೆ ಇನ್ನು ಎರಡು ಬೆರಳು ಬಿದಿರಷ್ಟೇ ಕಾಣುತ್ತಿತ್ತು.

“ಇನ್ನೊಂದದೆ!” ಎಂದೆ. ಅದರ ದನಿ ತೀರಾ ಒಳಗಿನಿಂದ, ತೀರಾ ಸಣ್ಣಗೆ ಬರುತ್ತಿತ್ತು.

ಈ ಸಲ ತಲೆಯನ್ನೂ ಒಳಗೆ ತೂರಿಸಬೇಕಾಯಿತು. ಕತ್ತಲು, ಕೆಸರು, ಕಿವಿಯಲ್ಲಿ ನನ್ನದೇ ಉಸಿರು. ತಲೆಯ ಮೇಲಿಂದ ಮಣ್ಣು ಪುಡಿಪುಡಿಯಾಗಿ ಕತ್ತಿನ ಮೇಲೆ ಉದುರುತ್ತಿತ್ತು. ಕೈ ಚಾಚಿದೆ, ಏನೂ ಸಿಗಲಿಲ್ಲ. ಬೆರಳ ತುದಿಗೆ ಮೀಸೆ ತಾಕಿ ತಪ್ಪಿಸಿಕೊಂಡಿತು. “ಗೆಣ್ಣಿಗೆ ಬಂತು, ಎಳ್ಕಳ್ಳಿ ಮಗೀನಾ!” ಎಂದು ಯಾರೋ ಹೊರಗೆ ಕೂಗಿದರು. ಸೊಂಟದ ವಸ್ತ್ರ ಬಿಗಿಯಿತು. ನಾನು ಕೊನೆಯ ಸಲ ಮುಂದಕ್ಕೆ ಕೈ ಚಾಚಿದಾಗ ಮರಿ ನನ್ನ ಹೆಬ್ಬೆರಳನ್ನು ಕಚ್ಚಿ ಹಿಡಿಯಿತು. ಅಯ್ಯೋ ಎಂದು ಅರಚಿಕೊಂಡೆ. ಆದರೂ ಕೈ ಕೊಡವಲಿಲ್ಲ. ಅಪ್ಪ ನನ್ನನ್ನು ಎಳೆದ, ನಾನು ಅದನ್ನು ಎಳೆದೆ. ಇಬ್ಬರೂ ಒಟ್ಟಿಗೇ, ಗುರುತು ಸಿಗದಷ್ಟು ಕೆಸರಾಗಿ, ಬೆಳಕಿಗೆ ಬಂದು ಬಿದ್ದೆವು.

ಮರುಕ್ಷಣವೇ ಏರಿಯ ಮೇಲೆ ಗದ್ದಲ ಶುರುವಾಯಿತು. ಜೇಡಿಮಣ್ಣು, ಹುಲ್ಲು, ಮತ್ತೆ ಜೇಡಿಮಣ್ಣು. ಹೆಂಗಸರು ಮಂಕರಿಗಳನ್ನು ಕೈಯಿಂದ ಕೈಗೆ ದಾಟಿಸಿದರು, ಗಂಡಸರು ಹಾರೆಯ ಹಿಂಬದಿಯಿಂದ ಜಡಿದರು, ನಾವು ಮಕ್ಕಳು ಮೇಲೆ ಹತ್ತಿ ಧಪಧಪನೆ ಕುಣಿದು ತುಳಿದೆವು. ಅಷ್ಟು ಚೆನ್ನಾಗಿ ಕುಣಿಯಲು ದೊಡ್ಡವರು ನಮಗೆ ಎಂದೂ ಬಿಟ್ಟಿರಲಿಲ್ಲ! ನನ್ನ ಹೆಬ್ಬೆರಳಿಗೆ ಅವ್ವ ಅರಿಶಿನ ಮೆತ್ತಿ ಬಟ್ಟೆ ಸುತ್ತಿದ್ದಳು. ಬೈಯುತ್ತಲೇ ಸುತ್ತಿದ್ದಳು. ಹೊತ್ತು ನೆತ್ತಿಗೇರುವ ವೇಳೆಗೆ ಏರಿಯ ಬುಡದಲ್ಲಿ ಕುಳಿತಿದ್ದ ಅಪ್ಪ ಬೊಗಸೆಯಲ್ಲಿ ನೀರು ಹಿಡಿದು ಮೇಲೆತ್ತಿದ. “ತಿಳಿಯಾಯ್ತು!” ಎಂದು ಕೂಗಿದ. ಆ ಕೂಗಿಗೆ ಇಡೀ ಏರಿಯೇ ಕೇಕೆ ಹಾಕಿತು.

ಆದರೆ ಮಂಕರಿಯಲ್ಲಿ ಮೂರು ಮರಿಗಳಿದ್ದವಲ್ಲ. ತಾಯಿ ಅವನ್ನು ಮತ್ತೆ ಸೇರಿಸಿಕೊಳ್ಳುವುದೋ ಇಲ್ಲವೋ ಅಪ್ಪನಿಗೂ ಗೊತ್ತಿರಲಿಲ್ಲ. ಮನುಷ್ಯರ ವಾಸನೆ ಹತ್ತಿದೆ, ಬಿಟ್ಟುಬಿಡುತ್ತದೆ ಎಂದರು ಕೆಲವರು. ಅಪ್ಪ ಮಂಕರಿ ಹೊತ್ತು ಕೆರೆಯ ಆಚೆ ಬದಿಗೆ, ಹಳ್ಳ ಬಂದು ಸೇರುವ ಕಡೆಗೆ ನಡೆದ. ಅಲ್ಲೊಂದು ದೊಡ್ಡ ಅತ್ತಿಮರ. ಅದರ ಬೇರುಗಳ ನಡುವೆ ಗುಹೆಯಂಥ ಸಂದು, ಮುಂದೆ ಎದೆಯೆತ್ತರದ ಜೊಂಡು. ಮರಿಗಳನ್ನು ಆ ಸಂದಿನ ಬಾಯಲ್ಲಿಟ್ಟು ಅಪ್ಪ, ಅಕ್ಕ, ನಾನು ಈಚಲ ಪೊದೆಯ ಹಿಂದೆ ಅಡಗಿದೆವು.

ಕಾದೆವು. ಸೊಳ್ಳೆ ಕಚ್ಚಿದರೂ ಅಲುಗಾಡುವಂತಿಲ್ಲ. ಅತ್ತಿಹಣ್ಣು ತೊಪ್ಪೆಂದು ನೀರಿಗೆ ಬೀಳುತ್ತಿತ್ತು. ಮಿಂಚುಳ್ಳಿಯೊಂದು ನಮ್ಮ ಮುಂದೆಯೇ ಎರಡು ಸಲ ಮೀನು ಹಿಡಿಯಿತು. ಮರಿಗಳ ದನಿ ಕುಗ್ಗುತ್ತಾ ಬಂತು. ನನ್ನನ್ನು ಕಚ್ಚಿದ ಮೂರನೆಯದು ಕೂಗುವುದನ್ನೇ ನಿಲ್ಲಿಸಿತು. ನನಗೆ ಅಳು ಬಂತು. ಅಕ್ಕ ನನ್ನ ಬಾಯಿ ಮುಚ್ಚಿದಳು.

ಆಗಲೇ ನೀರಿನ ಮೇಲೆ ಗುಳ್ಳೆಗಳ ಸಾಲು ಕಂಡದ್ದು. ಜೊಂಡು ಅಲುಗಿತು. ತಾಯಿ ನೀರಿನಿಂದ ಎದ್ದು ನಿಂತು, ಮೈ ಕೊಡವಿ, ನಾವಿದ್ದ ಕಡೆಗೆ ಮೂಗೆತ್ತಿ ನೋಡಿತು. ನಾನು ಉಸಿರು ಬಿಡಲಿಲ್ಲ. ಅದು ಸರಸರನೆ ಹೋಗಿ ಒಂದು ಮರಿಯ ಕತ್ತು ಕಚ್ಚಿಕೊಂಡು ಬೇರುಗಳ ಸಂದಿನೊಳಕ್ಕೆ ನುಗ್ಗಿತು. ಮತ್ತೆ ಬಂತು, ಎರಡನೆಯದನ್ನು ಒಯ್ದಿತು. ಆಮೇಲೆ ಬರಲೇ ಇಲ್ಲ. ಮೂರನೆಯ ಮರಿ ಒಂಟಿಯಾಗಿ ಬಿದ್ದಿತ್ತು. ನಾನು ಮನಸ್ಸಿನಲ್ಲೇ ಬಾ ಬಾ ಬಾ ಎಂದು ಎಣಿಕೆಯಿಲ್ಲದಷ್ಟು ಸಲ ಹೇಳಿಕೊಂಡೆ. ಕೊನೆಗೂ ಬಂತು ಕಣ್ರೋ! ಮರಿಯ ಮುಖ ನೆಕ್ಕಿ, ಬೆನ್ನು ನೆಕ್ಕಿ, ಅದು ಚಿಂವ್ ಎಂದ ಮೇಲೆ ಎತ್ತಿಕೊಂಡು ಒಳಗೆ ಹೋಯಿತು.

ನಮ್ಮ ಹಿಂದೆ ಯಾರೋ ಮೂಗೆಳೆದ ಸದ್ದಾಯಿತು. ತಿರುಗಿದರೆ ಪಟೇಲರು! ರುಮಾಲು ಕಂಕುಳಲ್ಲಿಟ್ಟುಕೊಂಡು, ನಮ್ಮಂತೆಯೇ ಕುಕ್ಕರಗಾಲಲ್ಲಿ ಕುಳಿತಿದ್ದರು. ಯಾವಾಗ ಬಂದಿದ್ದರೋ!

“ಒಂದ್ನೂ ಬುಡ್ಲಿಲ್ಲ ಕಣ್ಲಾ” ಎಂದರು ಅಪ್ಪನಿಗೆ, ಪಿಸುದನಿಯಲ್ಲಿ. ಆ ದನಿ ಅಷ್ಟು ಮೆತ್ತಗಾಗಬಲ್ಲದೆಂದು ನನಗೆ ಗೊತ್ತೇ ಇರಲಿಲ್ಲ.

ಮಾರನೆಯ ದಿನ ಊರಿನಲ್ಲಿ ತಮಟೆ ಹೊಡೆದು ಸಾರಿದರು: ಅತ್ತಿಮರದ ಸುತ್ತ ಯಾರೂ ಜೊಂಡು ಕೊಯ್ಯಬಾರದು, ಬಲೆ ಹಾಕಬಾರದು, ಮರಕ್ಕೆ ಮಚ್ಚು ತಾಗಿಸಬಾರದು. ಮಳೆಗಾಲಕ್ಕೆ ಮುಂಚೆ ಏರಿಯ ಬಿಲಗಳನ್ನೆಲ್ಲ ನೋಡಿ, ಒಳಗೆ ಯಾರಿದ್ದಾರೆಂದು ತಿಳಿದೇ ಮುಚ್ಚಬೇಕು. ‘ಯಾರಿದ್ದಾರೆ’ ಎಂದೇ ಸಾರಿದ್ದು, ನನಗೆ ಚೆನ್ನಾಗಿ ನೆನಪಿದೆ. ಆ ಸುಗ್ಗಿಯಲ್ಲಿ ಭತ್ತ ಮನೆ ತುಂಬಿತು. ಬೇಸಿಗೆಯ ಹೊತ್ತಿಗೆ ಕೆರೆಯಲ್ಲಿ ತಾಯಿ, ತಂದೆ, ಮೂರು ಮರಿ ಸೇರಿ ಐದು ತಲೆಗಳು ಒಟ್ಟಿಗೆ ಏಳುತ್ತಿದ್ದವು, ಒಟ್ಟಿಗೆ ಮುಳುಗುತ್ತಿದ್ದವು.

ಮೊಮ್ಮಕ್ಕಳೇ, ಈಗ ನಿಮಗೆ ಶಾಲೆಯಿಂದಲೇ ಮುತ್ತತ್ತಿಗೆ ಕರೆದುಕೊಂಡು ಹೋಗುತ್ತಾರೆ. ಕೊರಳಿಗೆ ದುರ್ಬೀನು, ಬೆನ್ನಿಗೆ ನೀರಿನ ಬಾಟಲಿ, ಹಕ್ಕಿಯ ಹೆಸರು ಬರೆದುಕೊಳ್ಳಲು ಪುಸ್ತಕ. ಕಾವೇರಿಯ ಮರಳಿನಲ್ಲಿ ಹೆಜ್ಜೆ ಗುರುತು ಕಂಡರೆ ಯಾವ ಪ್ರಾಣಿಯದೆಂದು ಹೇಳಿಕೊಡುವವರಿದ್ದಾರೆ. ನಮಗೆ ಪುಸ್ತಕವಿರಲಿಲ್ಲ, ಅಪ್ಪ ಇದ್ದ. ನಿಮ್ಮ ಕೊಳಾಯಿಯ ನೀರು ಯಾವ ಕೆರೆಯದು, ಯಾವ ಹೊಳೆಯದು ಎಂದು ಕೇಳಿದರೆ ನೀವು ಮುಖ ಮುಖ ನೋಡಿಕೊಳ್ಳುತ್ತೀರಿ. ನಮಗೆ ನಮ್ಮ ನೀರಿನಲ್ಲಿ ಯಾರ್ಯಾರು ವಾಸವಾಗಿದ್ದಾರೆಂದೂ ಗೊತ್ತಿತ್ತು. ಅದರಲ್ಲಿ ನಿಮ್ಮ ತಪ್ಪೇನಿಲ್ಲ. ನೀರುಗಂಟಿಗಳೇ ಇಲ್ಲದ ಕಾಲದಲ್ಲಿ ಹುಟ್ಟಿದ್ದೀರಿ.

ಮುಂದಿನ ಭಾನುವಾರ ನೀವೆಲ್ಲ ಸೇರಿ ಶಾಲೆಯ ಬಸ್ಸಿನಲ್ಲಿ ಹೋಗಿ ಒಂದು ಕೆರೆಯ ಕಸ ತೆಗೆದು ಗಿಡ ನೆಡುತ್ತೀರಂತಲ್ಲ, ನಿನ್ನೆ ಊಟ ಮಾಡುವಾಗ ಮೂವರೂ ಒಟ್ಟಿಗೆ ಕೂಗಿ ಹೇಳಿದಿರಿ. ನಿಮ್ಮ ಮೇಷ್ಟರಿಗೆ ಒಂದು ಮಾತು ತಿಳಿಸಿ: ಒಬ್ಬಳು ಮುದುಕಿಯೂ ಬರುತ್ತಾಳೆ, ಬಸ್ಸಿನಲ್ಲಿ ಅವಳಿಗೆ ಕಿಟಕಿ ಪಕ್ಕದ ಸೀಟೇ ಬೇಕಂತೆ.