ಆಯಿಯ ಜಾಗದಲ್ಲಿ ಕುಳಿತ ನಾಲ್ಕು ಸಂತೆಗಳು

ಎರಡನೆಯ ಮಹಾಯುದ್ಧ ಎಲ್ಲೋ ದೂರದಲ್ಲಿ ನಡೆಯುತ್ತಿತ್ತು. ಅದು ಗೋಕಾಕಿನ ನಮ್ಮ ಬಾಡಿಗೆ ಮನೆಗೆ ಬಂದದ್ದು ಅಡುಗೆಮನೆಯ ಡಬ್ಬಿಗಳ ಮೂಲಕ. ಮೊದಲು ಸಕ್ಕರೆ ಡಬ್ಬಿ ಖಾಲಿಯಾಯಿತು. ಆಮೇಲೆ ಚಿಮಣಿ ಎಣ್ಣೆ ಸಿಗದಾಯಿತು. ಜೋಳಕ್ಕೆ ಸರಕಾರದ ಕಂಟ್ರೋಲ್ ಅಂಗಡಿಯ ಮುಂದೆ ಚೀಲ ಹಿಡಿದು ಪಾಳಿ ನಿಲ್ಲಬೇಕಾಯಿತು. ನಮ್ಮವರು ಕನ್ನಡ ಸಾಲೆಯ ಮಾಸ್ತರರು. ಎಲ್ಲದರ ಬೆಲೆ ಏರಿತು, ಮಾಸ್ತರರ ಪಗಾರವೊಂದು ಇದ್ದಲ್ಲೇ ಇತ್ತು.

ನಾನು ಹುಕ್ಕೇರಿ ಕಡೆಯ ಒಕ್ಕಲುತನದ ಮನೆಯ ಮಗಳು. ತವರಿನಲ್ಲಿ ಕಾಯಿಪಲ್ಲೆಯನ್ನು ಕೊಂಡು ತಿನ್ನುತ್ತಾರೆ ಎಂಬುದೇ ಗೊತ್ತಿರಲಿಲ್ಲ. ಹೊಲಕ್ಕೆ ಹೋದವರು ಬರುವಾಗ ಸೆರಗಿನಲ್ಲಿ ಏನಾದರೂ ತರುತ್ತಿದ್ದರು. ಗೋಕಾಕಿಗೆ ಬಂದ ಮೇಲೆ ಎಲ್ಲವನ್ನೂ ಪೇಟೆಯಿಂದ ತರುವುದು ರೂಢಿಯಾಯಿತು. ನಮ್ಮವರಿಗೆ ಅದರಲ್ಲೊಂದು ಸಣ್ಣ ಅಭಿಮಾನವೂ ಇತ್ತು. ಸಾಲೆಯ ಹುಡುಗರ ಮನೆಯವರು ಪ್ರೀತಿಯಿಂದ ಒಂದು ಕುಂಬಳಕಾಯಿ ಕೊಟ್ಟರೂ ಅವರು ಮುಟ್ಟುತ್ತಿರಲಿಲ್ಲ.

ವಾರದ ಸಂತೆಗೆ ಪೇಟೆಯ ಬೇವಿನ ಮರದ ಕೆಳಗೆ ಒಬ್ಬ ಮುದುಕಿ ಕೂರುತ್ತಿದ್ದಳು. ಘಟಪ್ರಭೆಯ ದಂಡೆಯಲ್ಲಿ ಅವಳದೊಂದು ತುಂಡು ಭೂಮಿ. ಅಲ್ಲಿ ಬೆಳೆದದ್ದನ್ನು ಬುಟ್ಟಿಯಲ್ಲಿ ಹೊತ್ತು ತರುವಳು. ಗಂಡ ತೀರಿ ಬಹಳ ಕಾಲವಾಗಿತ್ತು, ಮಗಳನ್ನು ಕಣಗಲಾ ಊರಿಗೆ ಮದುವೆ ಮಾಡಿ ಕೊಟ್ಟಿದ್ದಳು. ಎಲ್ಲರೂ ಅವಳನ್ನು ಆಯಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮೊದಮೊದಲು ನಾನು ಅವಳಲ್ಲಿ ಬುಟ್ಟಿ ತುಂಬ ಕೊಳ್ಳುತ್ತಿದ್ದೆ. ಆಮೇಲೆ ಅರ್ಧ ಬುಟ್ಟಿ. ಆಮೇಲೆ ಬದನೆಕಾಯಿಯನ್ನು ಕೈಯಲ್ಲಿ ಹಿಡಿದು, ತಿರುವಿ ನೋಡಿ, ಹುಳುಕು ಹುಡುಕುವವಳಂತೆ ನಟಿಸಿ, ಮತ್ತೆ ಅಲ್ಲೇ ಇಟ್ಟು ಬರುವ ದಿನಗಳು ಬಂದವು.

ಅಂಥದ್ದೇ ಒಂದು ದಿನ ಆಯಿ ನನ್ನ ಕೈ ಹಿಡಿದು ಕೂರಿಸಿದಳು.

"ಯವ್ವಾ, ನಿಮ್ಮ ಮನಿಗಿ ಹಿತ್ತಲಾ ಐತೇನ?"

"ಐತಿ ಆಯಿ. ಬಚ್ಚಲ ನೀರ ನಿಂತು ಕೆಸರಾಗೈತಿ. ಕಲ್ಲು, ಮುಳ್ಳು. ಏನ ಬೆಳೀತೈತಿ ಅಲ್ಲೆ?"

"ಕೆಸರ ಐತಂದ್ರ ನೀರ ಐತಿ. ನೀರ ಇದ್ದಲ್ಲೆ ಯಾಕ ಬೆಳ್ಯೂದಿಲ್ಲ?"

ಮುಂದಿನ ಸಂತೆಗೆ ಅವಳು ಹಳೆ ಬಟ್ಟೆಯ ಚೂರುಗಳಲ್ಲಿ ಗಂಟು ಕಟ್ಟಿದ ಬೀಜ ತಂದಳು. ಪುಂಡಿಪಲ್ಯ ಎಂಬ ಹುಳಿಸೊಪ್ಪು, ರಾಜಗಿರಿ, ಚವಳಿಕಾಯಿ, ಹೀರೆಕಾಯಿ. ಒಂದೊಂದನ್ನೇ ಬಿಚ್ಚಿ ತೋರಿಸಿ ನನ್ನ ಸೆರಗಿಗೆ ಹಾಕಿದಳು. ನನಗೆ ಸಂಕೋಚವಾಯಿತು.

"ನಾ ಮನ್ಯಾಗ ಬೆಳದ್ರ ನಿನಗ ಲುಕ್ಸಾನ ಅಲ್ಲೇನ ಆಯಿ? ಒಂದು ಗಿರಾಕಿ ಹೋತಲ್ಲ?"

"ಲುಕ್ಸಾನ ಖರೇನ," ಎಂದಳು ಆಯಿ. "ಆದ್ರ ನೀ ಸಂತಿ ಸಂತಿಗಿ ಬಂದು ಬದನಿಕಾಯಿ ಮುಟ್ಟಿ ಮುಟ್ಟಿ ಇಟ್ಟ ಹೋಗ್ತಿಯಲ್ಲ, ಅದನ್ನ ನೋಡಾಕ ಆಗೂದಿಲ್ಲ ನನಗ."

ನಾನು ತಲೆ ತಗ್ಗಿಸಿದೆ. ನನ್ನ ನಟನೆಯನ್ನು ಅವಳು ಎಂದಿನಿಂದ ನೋಡುತ್ತಿದ್ದಳೋ ಏನೋ.

ಮುಂಗಾರಿನ ಮೊದಲ ಮಿರಗದ ಮಳೆಗೆ ಮುಂಚೆ ಹಿತ್ತಲಿನ ಕಲ್ಲು ಆರಿಸಿದೆ. ಬಚ್ಚಲ ನೀರಿಗೆ ಕಾಲುವೆ ತೋಡಿದೆ. ಒಲೆಯ ಬೂದಿ, ಪಕ್ಕದ ಮನೆಯ ಕೊಟ್ಟಿಗೆಯ ಸೆಗಣಿ ಹಾಕಿದೆ. ತವರಿನಲ್ಲಿ ಕಲಿತದ್ದು ಕೈಗೆ ನೆನಪಿತ್ತು, ಆದರೂ ಹೀರೆಬೀಜ ಮೊಳೆಯಲಿಲ್ಲ. ಆಯಿ ಬಂದು ಬೆರಳಿನಿಂದ ಕೆದರಿ ನೋಡಿ ನಕ್ಕಳು. "ಇಷ್ಟ ಆಳ ಹೂಳ್ತಾರೇನ? ಅದಕ್ಕೂ ಉಸರಾಡಾಕ ಬೇಕ ಯವ್ವಾ." ಎರಡನೆಯ ಸಲ ಹಾಕಿದ ಬೀಜ ಮೊಳೆತು, ಬಳ್ಳಿ ಹಂಚಿನ ಮೇಲೆ ಹಬ್ಬಿತು.

ಶ್ರಾವಣ ಮುಗಿಯುವ ಹೊತ್ತಿಗೆ ನಮ್ಮ ಮನೆಯ ಊಟ ಬದಲಾಗಿತ್ತು. ಕಂಟ್ರೋಲ್ ಅಂಗಡಿಯಲ್ಲಿ ಕೊಡುತ್ತಿದ್ದ ಪರದೇಶದ ಕೆಂಪು ಜೋಳದ ರೊಟ್ಟಿ ಬಿರುಸಾಗಿರುತ್ತಿತ್ತು, ಮಕ್ಕಳಿಬ್ಬರೂ ಮುಖ ಹಿಂಡುತ್ತಿದ್ದರು. ಬಿಸಿ ಪುಂಡಿಪಲ್ಯಕ್ಕೆ ಬೆಳ್ಳುಳ್ಳಿ ಒಗ್ಗರಣೆ ಬಿದ್ದರೆ ಅದೇ ರೊಟ್ಟಿ ಎರಡಲ್ಲ, ಮೂರು ಹೋಗುತ್ತಿತ್ತು. ಹೀರೆಕಾಯಿಯ ಸಿಪ್ಪೆಯನ್ನೂ ಬಿಡದೆ ಚಟ್ನಿ ಅರೆದೆ. ಹಳ್ಳಿಯ ದಾರಿಯ ಬದಿಗೆ ಪುಕ್ಕಟೆ ಬೆಳೆಯುವ ಹಕ್ಕರಕಿ ಸೊಪ್ಪನ್ನು ಗುರುತಿಸಿ ತಂದೆ. ತವರಿನಿಂದ ಬಂದ ಅಗಸಿ ಬೀಜದ ಹಿಂಡಿ ಎಂಬ ಚಟ್ನಿಪುಡಿ ಇದ್ದರೆ ಎಣ್ಣೆಯ ಕೊರತೆ ನಾಲಿಗೆಗೆ ತಿಳಿಯುತ್ತಿರಲಿಲ್ಲ. ನಮ್ಮವರು ತಾಟಿನ ಮುಂದೆ ಕೂತು ಪಲ್ಯವನ್ನು ಎರಡನೆಯ ಸಲ ಕೇಳುತ್ತಿದ್ದರು.

ಮರುವರ್ಷ ಹೊಳೆ ಏರಿತು. ಮೂರು ದಿನ ಬಿಡದೆ ಮಳೆ. ನಮ್ಮ ಮನೆ ಎತ್ತರದಲ್ಲಿತ್ತು, ಹಿತ್ತಲಿಗೆ ಏನೂ ಆಗಲಿಲ್ಲ. ಆದರೆ ದಂಡೆಯಲ್ಲಿದ್ದ ಆಯಿಯ ಭೂಮಿಯ ಮೇಲೆ ನೀರು ನಿಂತಿತು. ಕೈಗೆ ಸಿಕ್ಕಷ್ಟು ಕಾಯಿ ಕಿತ್ತುಕೊಳ್ಳಲು ಅವಳು ಇಳಿದಿದ್ದಾಳೆ, ಕೆಸರಿನಲ್ಲಿ ಜಾರಿ ಬಿದ್ದಿದ್ದಾಳೆ. ಸುದ್ದಿ ಕೇಳಿ ನಾನು ಹೋದಾಗ ಗುಡಿಸಲಿನ ಗೋಡೆಗೆ ಒರಗಿ ಕೂತಿದ್ದಳು. ಪಾದ ಕುಂಬಳಕಾಯಿಯಂತೆ ಊದಿತ್ತು. ನೋವಿನ ಮಾತು ಒಂದೂ ಆಡಲಿಲ್ಲ.

"ಕಾಲ ಹೆಂಗರ ವಾಸಿ ಆಕ್ಕೈತಿ. ಪ್ಯಾಟ್ಯಾಗಿನ ಜಾಗಾದ್ದ ಚಿಂತಿ ನನಗ. ನಾಕ ಸಂತಿ ನಾ ಕೂಡಲಿಲ್ಲಂದ್ರ ಬ್ಯಾರೇದವ್ರು ಬಂದ ಕೂಡ್ತಾರ. ಆ ಮ್ಯಾಲ ಎಬ್ಬಸಾಕ ಆಗೂದಿಲ್ಲ."

ಮನೆಗೆ ಬರುವ ದಾರಿಯಲ್ಲೇ ನಾನು ನಿಶ್ಚಯ ಮಾಡಿದ್ದೆ. ಅಂದು ಸಂಜೆ ನಮ್ಮವರಿಗೆ ಹೇಳಿದೆ.

"ಆಯಿ ವಾಸಿ ಆಗೂತನಕಾ ಸಂತ್ಯಾಗ ಆಕಿ ಜಾಗಾದಾಗ ನಾ ಕೂಡ್ತೇನ್ರಿ. ನಮ್ಮ ಹಿತ್ತಲದ್ದ ಪಲ್ಲೆ ಒಯ್ತೇನಿ. ಬಂದದ್ದ ಆಕಿಗಿ ಕೊಡ್ತೇನಿ."

ಅವರು ಓದುತ್ತಿದ್ದ ಕಾಗದದಿಂದ ತಲೆ ಎತ್ತಿದರು.

"ಮಾಸ್ತರ ಹೆಂಡ್ತಿ ಸಂತ್ಯಾಗ ಕುಂತ ಕಾಯಿಪಲ್ಲೆ ಮಾರತಾಳಂದ್ರ ಮಂದಿ ಏನ ಅಂದಾರು?"

"ಏನರ ಅನ್ನಲೇಳ್ರಿ. ವರ್ಷಾತು, ನಾವು ನಾಕ ಮಂದಿ ಊಟಾ ಮಾಡಾಕತ್ತಿದ್ದು ಆಕಿ ಕೊಟ್ಟ ಬೀಜದ್ದು. ಆವಾಗ ಮಂದಿ ಬಂದಿದ್ದರೇನ?"

ಅಷ್ಟು ಗಟ್ಟಿಯಾಗಿ ನಾನು ಅವರಿಗೆ ಎಂದೂ ಎದುರು ಮಾತಾಡಿರಲಿಲ್ಲ. ಅವರು ಟೊಪ್ಪಿಗೆ ಹಾಕಿಕೊಂಡು ಹೊರಗೆ ಹೋದರು. ಹೌದು ಎನ್ನಲಿಲ್ಲ, ಬೇಡ ಎಂತಲೂ ಅನ್ನಲಿಲ್ಲ.

ಮೊದಲ ಸಂತೆಯ ದಿನ ಬೇವಿನ ಮರದ ಕೆಳಗೆ ಗೋಣಿತಟ್ಟು ಹಾಸಿ ಕುಳಿತೆ. ಸೆರಗನ್ನು ಹಣೆಯ ತನಕ ಎಳೆದುಕೊಂಡಿದ್ದೆ. ಕೂಗಲು ಬಾಯಿ ಬರಲಿಲ್ಲ. ಪಕ್ಕದಲ್ಲಿ ಮೆಣಸಿನಕಾಯಿ ಮಾರುವವಳು ನನ್ನ ಪಾಡು ನೋಡಿ, ತನ್ನ ಮೆಣಸಿನಕಾಯಿಯ ಜೊತೆಗೆ ನನ್ನ ಹೀರೆಕಾಯಿಯನ್ನೂ ಸೇರಿಸಿ ಕೂಗಿದಳು. ಸಾಲೆಯ ಹುಡುಗನೊಬ್ಬನ ತಾಯಿ ಬಂದು ಗುರುತು ಹಿಡಿದಳು.

"ಏನ್ರಿ ಬಾಯಾರ, ನೀವ ಇಲ್ಲೆ?"

"ಆಯಿ ಕಾಲ ಉಳಕೈತ್ರಿ. ಆಕಿ ಜಾಗಾ ಕಾಯಾಕ ಕುಂತೇನಿ."

ಆಕೆ ನಗಬಹುದೆಂದು ನಾನು ಕಾದೆ. ಆಕೆ ನಗಲಿಲ್ಲ. ಚೌಕಾಸಿ ಮಾಡದೆ ಎರಡು ಸಿವುಡು ಪುಂಡಿಪಲ್ಯ ತೆಗೆದುಕೊಂಡು, "ಆಯಿಗಿ ಕೇಳೇನಂತ ಹೇಳ್ರಿ" ಎಂದು ಹೋದಳು. ನನ್ನ ಸೆರಗು ತಾನಾಗಿಯೇ ಹಣೆಯಿಂದ ಹಿಂದೆ ಸರಿಯಿತು.

ಮಧ್ಯಾಹ್ನ ನಮ್ಮವರು ಇನ್ನೊಬ್ಬ ಮಾಸ್ತರರ ಜೊತೆ ಆ ದಾರಿಯಲ್ಲಿ ಬಂದರು. ನನ್ನನ್ನು ಕಂಡರು. ಕಂಡದ್ದು ನನಗೆ ಗೊತ್ತಾಯಿತು, ಏಕೆಂದರೆ ನಡುವೆಯೇ ಮಾತು ನಿಲ್ಲಿಸಿದರು. ಆದರೆ ಮುಖವನ್ನು ಬಟ್ಟೆ ಅಂಗಡಿಗಳ ಕಡೆ ತಿರುಗಿಸಿಕೊಂಡು ಮುಂದೆ ಹೋದರು. ನನಗೆ ಕಣ್ಣು ತುಂಬಿ ಬಂತು. ಮೆಣಸಿನಕಾಯಿಯ ಘಾಟು ಎಂದು ಪಕ್ಕದವಳಿಗೆ ಹೇಳಿದೆ. ಆ ವಾರವೆಲ್ಲ ಮನೆಯಲ್ಲಿ ಬೇಕಾದಷ್ಟೇ ಮಾತು.

ಎರಡನೆಯ ಸಂತೆಯ ಬೆಳಗ್ಗೆ ನಾನು ಬುಟ್ಟಿ ತುಂಬಿಸಿ ತಲೆಯ ಮೇಲೆ ಸಿಂಬಿ ಇಟ್ಟುಕೊಳ್ಳುತ್ತಿದ್ದೆ. ನಮ್ಮವರು ಸಾಲೆಗೆ ಹೊರಟವರು ಬಾಗಿಲಲ್ಲಿ ನಿಂತರು. "ಭಾರ ಐತಿ. ಇಲ್ಲೆ ಕೊಡ" ಎಂದು ಬುಟ್ಟಿಗೆ ಕೈ ಹಾಕಿದರು. ಧೋತರ, ಕೋಟು, ಟೊಪ್ಪಿಗೆಯ ಮಾಸ್ತರರು ಚವಳಿಕಾಯಿಯ ಬುಟ್ಟಿಯನ್ನು ಹೆಗಲ ಮೇಲಿಟ್ಟುಕೊಂಡು ಗೋಕಾಕಿನ ಪೇಟೆಯ ನಡುವೆ ನಡೆದರು, ಹಿಂದೆ ನಾನು. ದಾರಿಯಲ್ಲಿ ಹುಡುಗರು ಕೈ ಮುಗಿದಾಗ ಅವರಿಗೆ ತಿರುಗಿ ಮುಗಿಯಲು ಕೈ ಖಾಲಿಯಿರಲಿಲ್ಲ, ತಲೆ ಆಡಿಸಿದರು. ಮರದ ಕೆಳಗೆ ಬುಟ್ಟಿ ಇಳಿಸಿ, ಕೋಟಿನ ಮೇಲಿನ ಮಣ್ಣು ಕೊಡವಿ, ನನ್ನ ಕಡೆ ನೋಡದೆ ಹೇಳಿದರು.

"ಆ ವಾರ ನಾ ಮಕಾ ತಿರಿಗಿಸ್ಕೊಂಡ ಹ್ವಾದ್ನಲ್ಲ. ಅದು ಚಲೋ ಆಗ್ಲಿಲ್ಲ."

ಅಷ್ಟೇ. ಉಳಿದ ಸಂತೆಗಳಿಗೂ ಬುಟ್ಟಿ ಅವರೇ ಹೊತ್ತರು. ಸಂಜೆಯಾದರೆ ಮಾರಿ ಬಂದದ್ದನ್ನು ನಾವಿಬ್ಬರೂ ಕೂಡಿ ಆಯಿಯ ಗುಡಿಸಲಿಗೆ ಮುಟ್ಟಿಸಿ ಬರುತ್ತಿದ್ದೆವು. ಇಬ್ಬರೂ ಕೂಡಿ ಹೋದ ಮೊದಲ ಸಲ ಆಯಿ ಬೇಡ ಎಂದು ಹಟ ಹಿಡಿದಳು. "ಬೀಜ ನಿಮ್ದು ಆಯಿ, ಮಣ್ಣ ಅಷ್ಟ ನಮ್ದು," ಎಂದರು ನಮ್ಮವರು. ಆಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಲೆ ಆಡಿಸಿ, ದುಡ್ಡು ತೆಗೆದುಕೊಂಡಳು.

ಐದನೆಯ ಸಂತೆಗೆ ಆಯಿ ಕೋಲು ಊರಿಕೊಂಡು ತಾನೇ ಬಂದು ತನ್ನ ಗೋಣಿತಟ್ಟಿನ ಮೇಲೆ ಕುಳಿತಳು. ಸಂತೆ ಮುಗಿದ ಮೇಲೆ ಅವಳನ್ನು ಮನೆಗೆ ಕರೆದುಕೊಂಡು ಬಂದೆವು. ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ, ಪಕ್ಕದ ಮನೆಯವರು ಕೊಟ್ಟ ಮಜ್ಜಿಗೆ. ಅದಕ್ಕಿಂತ ಹೆಚ್ಚಿನದು ಮನೆಯಲ್ಲಿ ಇರಲೂ ಇಲ್ಲ. ಆಯಿ ನಮ್ಮವರ ಬಾಜೂಕ್ಕೆ ಕುಳಿತು ನಿಧಾನವಾಗಿ ಉಂಡಳು. ಮಕ್ಕಳಿಗೆ ತುತ್ತು ಮಾಡಿ ಕೊಟ್ಟಳು. ಕೈ ತೊಳೆಯುವಾಗ, "ಉಪ್ಪ ಒಂಚೂರ ಹೆಚ್ಚಾಗೈತಿ ಯವ್ವಾ" ಎಂದಳು. ನಾವೆಲ್ಲ ನಕ್ಕೆವು.

ಯುದ್ಧ ಮುಗಿದ ಮೇಲೂ ಬೆಲೆಗಳು ಇಳಿಯಲಿಲ್ಲ. ನಮಗೆ ಮೂಡಲಗಿಗೆ ಬದಲಿಯಾಯಿತು. ಆ ವರ್ಷಗಳನ್ನು ಕಷ್ಟದ ವರ್ಷಗಳು ಎಂದು ಜನ ಹೇಳುತ್ತಾರೆ, ಸುಳ್ಳಲ್ಲ. ಆದರೆ ನನ್ನ ಮಕ್ಕಳು ಒಂದು ದಿನವೂ ಹಸಿದು ಮಲಗಲಿಲ್ಲ. ನನ್ನ ಗಂಡ ಎಂಥ ಮನುಷ್ಯ ಎಂದು ನನಗೆ ತಿಳಿದದ್ದೂ ಆ ವರ್ಷಗಳಲ್ಲೇ. ಇದೆಲ್ಲ ದೊರೆತದ್ದು, ತನ್ನ ಲುಕ್ಸಾನು ಗೊತ್ತಿದ್ದೂ ಕೈ ಹಿಡಿದು ಕೂರಿಸಿದ ಒಬ್ಬ ಮುದುಕಿಯಿಂದ. ಅವಳಿಗೆ ಕೈ ಮುಗಿಯದೆ ನಾನು ಇಂದಿಗೂ ಊಟಕ್ಕೆ ಕೂರುವುದಿಲ್ಲ.