ಪರ್ಲ್‌ನ ಎಡಗಾಲು ಮತ್ತು ನನ್ನ ಮುಹೂರ್ತ

ಇಂದು ಬೆಳಿಗ್ಗೆ ಹೋಮದ ಸಾಮಗ್ರಿ ಇಡಲೆಂದು ಕಾರಿನ ಡಿಕ್ಕಿ ತೆರೆದಾಗ ದರ್ಭೆಯ ಕಟ್ಟಿನಡಿಯಲ್ಲಿ ನೀಲಿ ಬ್ಯಾಂಡೇಜಿನ ಸುರುಳಿಯೊಂದು ಸಿಕ್ಕಿತು. ಮೂಗಿಗೆ ಹಿಡಿದೆ. ಒಣಹುಲ್ಲಿನ, ಕುದುರೆಯ ಬೆವರಿನ ವಾಸನೆ. ಸಂಧ್ಯಾವಂದನೆ ಮುಗಿಸಿ ನೆಮ್ಮದಿಯಾಗಿದ್ದ ಮನಸ್ಸು ಆ ಕ್ಷಣದಿಂದ ಒಂದೆಡೆ ನಿಲ್ಲಲೊಲ್ಲದು.

ಪೌರೋಹಿತ್ಯ ನನ್ನ ವೃತ್ತಿ. ವಾಸ ಡಲ್ಲಾಸಿನ ಪಕ್ಕದ ಕ್ಯಾರಲ್ಟನ್‌ನಲ್ಲಾದರೂ ವಾರಾಂತ್ಯಗಳೆಲ್ಲ ಆಸ್ಟಿನ್, ಹ್ಯೂಸ್ಟನ್ ಎಂದು ಹೆದ್ದಾರಿಯಲ್ಲೇ ಕಳೆಯುತ್ತವೆ. ಮಿಕ್ಕೆಲ್ಲದರಲ್ಲಿ ನಾನು ನಿಧಾನಿ; ಊಟಕ್ಕೆ ಕುಳಿತರೆ ಎಲೆಯೇ ಒಣಗುತ್ತದೆಂದು ಮನೆಯಾಕೆ ನಗುವುದುಂಟು. ಮುಹೂರ್ತವೆಂದರೆ ಮಾತ್ರ ಬೇರೆಯೇ ಮನುಷ್ಯನಾಗುತ್ತೇನೆ.

ಮೂರು ವರ್ಷಗಳ ಹಿಂದೆ ಡಲ್ಲಾಸಿನ ಹೋಟೆಲೊಂದರಲ್ಲಿ ಮದುವೆ. ವರ ಮೈಸೂರಿನವನು, ಉತ್ತರ ಭಾರತದ ಗೆಳೆಯರ ಮದುವೆಗಳನ್ನು ನೋಡಿ ತಾನೂ ಕುದುರೆಯೇರಿ ಬರಲು ಆಸೆಪಟ್ಟಿದ್ದ. ಆಸ್ಟಿನ್ ಹೊರವಲಯದ ಲಾಯದಿಂದ ಪರ್ಲ್ ಎಂಬ ಬಿಳಿಯ ಹೆಣ್ಣುಕುದುರೆಯನ್ನು ಕರೆತಂದವಳು ನಸ್ರೀನ್. ಧಾರವಾಡದವಳು; ಪಶುವೈದ್ಯಕೀಯದ ಉನ್ನತ ವ್ಯಾಸಂಗದ ನಡುವೆ ಆ ಲಾಯದ ಕುದುರೆಗಳನ್ನು ನೋಡಿಕೊಳ್ಳುತ್ತಿದ್ದಳು. ಕಾದ ಡಾಂಬರಿನ ಪಾರ್ಕಿಂಗ್ ಲಾಟಿನಲ್ಲಿ ಡೋಲಿನ ಸದ್ದಿಗೆ ಸುತ್ತಿ ಸುತ್ತಿ ಪರ್ಲ್ ದಣಿದಿತ್ತು. ಬಾಗಿಲಿಗೆ ಇನ್ನೂ ನೂರು ಹೆಜ್ಜೆ. ಮುಹೂರ್ತಕ್ಕೆ ಹನ್ನೆರಡು ನಿಮಿಷ. ನಸ್ರೀನ್ ಮೊಣಕಾಲೂರಿ ಕುದುರೆಯ ಮುಂಗಾಲಿನ ಹಿಂಬದಿಯನ್ನು ಸವರುತ್ತಿದ್ದಳು.

"ಅಂಕಲ್, ಎಡಗಾಲು ಬಿಸಿ ಐತ್ರಿ. ಇಲ್ಲೇ ಇಳಿಸಿಬಿಡೋಣ್ರಿ, ಹುಡುಗ ನಡಕೊಂಡು ಬರ್ಲಿ."

"ನೂರೇ ಹೆಜ್ಜೆ ಅಲ್ವೇನಮ್ಮಾ? ಮುಹೂರ್ತ ಮೀರುತ್ತೆ, ನಡೆಸು ನೀನು."

ಹಿರಿಯನ ಮಾತನ್ನು ತೆಗೆದುಹಾಕಲಾರದೆ ಅವಳು ನಡೆಸಿದಳು. ಬಾಗಿಲ ಬಳಿ ತಿರುಗುವಾಗ ಪರ್ಲ್ ಮುಗ್ಗರಿಸಿ ನಿಂತಿತು. ಎಡಗಾಲನ್ನು ನೆಲಕ್ಕೆ ಊರಲೇ ಇಲ್ಲ. ವರ ಇಳಿದು ಒಳಬಂದ. ಮಾಂಗಲ್ಯಧಾರಣೆ ಸರಿಯಾದ ಸಮಯಕ್ಕೇ ಆಯಿತು. ಎಲ್ಲರೂ ನನ್ನ ಸಮಯಪಾಲನೆಯನ್ನು ಹೊಗಳಿದರು.

ಹೊರಬಂದು ನೋಡಿದರೆ ನಸ್ರೀನ್ ಪೈಪಿನಿಂದ ಆ ಕಾಲಿಗೆ ತಣ್ಣೀರು ಬಿಡುತ್ತಿದ್ದಳು. ಮಂಡಿ ನೋವಿಗೆ ಉಪ್ಪಿನ ಶಾಖ ಕೊಟ್ಟುಕೊಂಡು ರೂಢಿಯಾದ ನಾನು, ಅಡುಗೆಮನೆಯಲ್ಲಿ ಉಪ್ಪು ಹುರಿಸಿ ತರಿಸಲೇ ಎಂದೆ.

"ಈಗ ಬಿಸಿ ಇಟ್ರ ಬಾವು ಹೆಚ್ಚಾಗತೈತ್ರಿ. ನೀವು ಒಳಗ ಹೋಗ್ರಿ, ಅಂಕಲ್."

ಅವಳ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಆ ರಾತ್ರಿ ನಿದ್ದೆಯಾದರೂ ಬರುತ್ತಿತ್ತೇನೋ.

ಆಮೇಲೆ ಪರ್ಲ್‌ನ ಕಾಲಿನ ಸ್ಕ್ಯಾನಿನಲ್ಲಿ ಬಿಳಿಯ ಎಳೆಗಳ ನಡುವೆ ಕಪ್ಪು ರಂಧ್ರವೊಂದು ಕಂಡಿತಂತೆ. ಮಾಂಸವನ್ನು ಎಲುಬಿಗೆ ಬಿಗಿಯುವ ಹುರಿಯನ್ನು 'ಕಂಡರ' ಎನ್ನುತ್ತಾರೆಂದು ಪಾಠಶಾಲೆಯಲ್ಲಿ ಕಂಠಪಾಠ ಮಾಡಿದ್ದೆ. ಅದು ಹರಿಯುವುದೆಂದರೇನೆಂದು ತಿಳಿದದ್ದು ಆಗ. ಮಾಂಸ ದಣಿದಾಗ ಭಾರವೆಲ್ಲ ಆ ಹುರಿಯ ಮೇಲೆ ಬಿದ್ದು ಎಳೆಗಳು ಕಡಿಯುತ್ತವೆ. ಕೈಗೆ ಹತ್ತುವ ಬಿಸಿಯೇ ಅದರ ಎಚ್ಚರಿಕೆ. ಕಡಿದದ್ದು ಕೂಡಿದರೂ ಮೊದಲಿನಂತೆ ಹಿಗ್ಗದು. ಅವಸರಿಸಿದರೆ ಮತ್ತೆ ಹರಿಯುತ್ತದೆ. ತಣ್ಣೀರು, ಬ್ಯಾಂಡೇಜು, ಆಮೇಲೆ ತಿಂಗಳುಗಟ್ಟಲೆ ವಿಶ್ರಾಂತಿ. ವರ್ಷದೊಳಗೆ ಕುಂಟು ಹೋಗದಿದ್ದರೆ ಕುದುರೆಯನ್ನು ಇಟ್ಟುಕೊಳ್ಳಲಾರೆನೆಂದು ಲಾಯದ ಯಜಮಾನ ಹೇಳಿಬಿಟ್ಟಿದ್ದ.

ತಿಂಗಳುಗಟ್ಟಲೆ ಒಂದೇ ಕಡೆ ನಿಲ್ಲುವುದು ಕುದುರೆಗೆ ಎಂಥ ಶಿಕ್ಷೆಯೆಂದು ನೀವು ಕಂಡಿದ್ದೀರೋ ಇಲ್ಲವೋ. ಪರ್ಲ್ ಕೊಟ್ಟಿಗೆಯಲ್ಲಿ ದಿನವಿಡೀ ಅತ್ತಿಂದಿತ್ತ ತೂಗಾಡುತ್ತಿತ್ತು. ಇತ್ತ ಜಪಕ್ಕೆ ಕುಳಿತ ನಾನೂ ಹಾಗೆಯೇ. ಮಣಿ ಸರಿಯುತ್ತಿತ್ತು, ಮನಸ್ಸು ಆ ಕೊಟ್ಟಿಗೆಯಲ್ಲಿರುತ್ತಿತ್ತು. ಆಸ್ಟಿನ್ನಿನಲ್ಲಿ ಸತ್ಯನಾರಾಯಣ ಪೂಜೆ ಮಾಡಿಸುವವರು ಕರೆದಾಗಲೆಲ್ಲ ಆ ಲಾಯಕ್ಕೂ ಹೋಗತೊಡಗಿದೆ. ಪರ್ಲ್‌ಗೆ ಗಟ್ಟಿ ನೆಲದಲ್ಲಿ ನೇರವಾಗಿ, ದಿನಕ್ಕೆ ಐದೇ ನಿಮಿಷದ ನಡಿಗೆ. ನಸ್ರೀನ್ ಹಗ್ಗ ಹಿಡಿಯುತ್ತಿದ್ದಳು, ನಾನು ಗಡಿಯಾರ. ಒಮ್ಮೆ ಪರ್ಲ್‌ನ ಹುರುಪು ಕಂಡು ಇನ್ನಷ್ಟು ದೂರ ಹೋಗಲೆಂದುಬಿಟ್ಟೆ.

"ಯಾಕ್ರಿ ಅಂಕಲ್, ಮತ್ತ ಮುಹೂರ್ತ ಮೀರಾಕತ್ತೈತೇನ್ರಿ?"

ಅವಳು ನಕ್ಕಳು. ನಾನು ತಲೆತಗ್ಗಿಸಿ ಗಡಿಯಾರ ನೋಡಿದೆ. ಐದು ನಿಮಿಷ ಕಳೆದಿತ್ತು.

ಹನ್ನೊಂದನೆಯ ತಿಂಗಳಿಗೆ ಪರ್ಲ್ ಕುಂಟದೆ ನಡೆಯಿತು. ಲಾಯದಲ್ಲೇ ಉಳಿಯಿತು, ಮೆರವಣಿಗೆಗೆ ಮಾತ್ರ ಮತ್ತೆ ಹೋಗಲಿಲ್ಲ. ಅದರ ಕಾಲಿನಿಂದ ಬಿಚ್ಚಿದ ನೀಲಿ ಬ್ಯಾಂಡೇಜೊಂದು ನನ್ನ ಡಿಕ್ಕಿಯಲ್ಲೇ ಉಳಿದುಹೋಗಿತ್ತು.

ಬ್ಯಾಂಡೇಜು ಹಿಡಿದು ಇದನ್ನೆಲ್ಲ ನೆನೆಯುತ್ತಿದ್ದಾಗಲೇ ಹ್ಯೂಸ್ಟನ್ನಿನಿಂದ ಫೋನು. ಮಗನ ಮದುವೆಯಂತೆ, ಕುದುರೆಯೂ ಗೊತ್ತಾಗಿದೆಯಂತೆ, ಮುಹೂರ್ತ ಹೇಳಬೇಕಂತೆ. ಮುಹೂರ್ತ ಹೇಳಿ, ಮದುವೆಯ ದಿನ ಒಂದು ಗಂಟೆ ಮುಂಚೆ ಬರುತ್ತೇನೆಂದೆ. ಮಂಟಪ ನೋಡಲಿಕ್ಕೋ ಎಂದು ಕೇಳಿದರು.

"ಅಲ್ಲ, ಮೊದಲು ಕುದುರೆಯ ಕಾಲು ಮುಟ್ಟಿ ನೋಡಬೇಕು. ಬಿಸಿಯಿದ್ದರೆ ನಿಮ್ಮ ಮಗ ನಡೆದೇ ಬರಬೇಕು."

ನಾನು ನೀಲಿ ಸುರುಳಿಯನ್ನು ಪೂಜೆಯ ಚೀಲದಲ್ಲಿ ಪಂಚಾಂಗದ ಪಕ್ಕದಲ್ಲಿಟ್ಟು ಬಾಯಿ ಕಟ್ಟಿದೆ.